ಲಾರಿ ಇರಲಿಲ್ಲವೇ?

ಆಗಸ್ಟ್ ಬಂತೆಂದರೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಚಿತ್ರಗಳು ಜೋಡಿಯಾಗಿ ಬಂದು ಬೀಳುತ್ತವೆ. ಹದಿನೈದನೇ ತಾರೀಖಿಗೆ ಒಮ್ಮೆ, 23ಕ್ಕೆ ಇನ್ನೊಮ್ಮೆ. ಚಂದ್ರಯಾನ-3 ಇಳಿದ ಆ ದಿನ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನವಾದ್ದರಿಂದ ಕಳುಹಿಸುವವರಿಗೆ ಹೊಸದೊಂದು ನೆಪ ಸಿಕ್ಕಿದೆ. ಎಡಗಡೆಯ ಚಿತ್ರದಲ್ಲಿ ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟ್ಟಿನ ಮೂತಿ, ಬಲಗಡೆಯದರಲ್ಲಿ ಎತ್ತಿನ ಗಾಡಿಯ ಮೇಲೆ ಉಪಗ್ರಹ. ಕೆಳಗಿನ ಒಕ್ಕಣೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ಅರ್ಥ ಮಾತ್ರ ಅದೇ: ಅಂದು ಹೊಟ್ಟೆಗಿಲ್ಲದಿದ್ದರೂ ಎತ್ತಿನ ಗಾಡಿಯಲ್ಲಿ ಉಪಗ್ರಹ ಸಾಗಿಸಿದೆವು, ಇಂದು ಚಂದ್ರನ ಮೇಲೆ ನಿಂತಿದ್ದೇವೆ. ಜೊತೆಗೆ ಕೈಮುಗಿಯುವ ಗುರುತುಗಳು ಸಾಲು ಸಾಲಾಗಿ.

ಈ ಫಾರ್ವರ್ಡ್ ಸುಳ್ಳಾಗಿದ್ದರೆ ನನಗೆ ಇಷ್ಟು ಕಿರಿಕಿರಿಯಾಗುತ್ತಿರಲಿಲ್ಲ. ಸುಳ್ಳನ್ನು ಸುಳ್ಳು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಇವೆರಡೂ ಅಪ್ಪಟ ಚಿತ್ರಗಳು. ಸೈಕಲ್ಲಿನದನ್ನು ತೆಗೆದವರು ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸಾನ್, ಸ್ಥಳ ತಿರುವನಂತಪುರದ ಬಳಿಯ ತುಂಬಾ ಎಂಬ ರಾಕೆಟ್ ಉಡಾವಣಾ ಕೇಂದ್ರ, ವರ್ಷ 1966. ಅದರಲ್ಲಿರುವ ಇಬ್ಬರಲ್ಲಿ ಒಬ್ಬರು ಮುಂದೆ ಕನ್ನಡದಲ್ಲಿ ಸೊಗಸಾದ ಪ್ರಬಂಧಗಳನ್ನು ಬರೆದ ಎಂಜಿನಿಯರ್ ಸಿ. ಆರ್. ಸತ್ಯ. ಗಾಡಿಯ ಮೇಲಿರುವುದು 'ಆ್ಯಪಲ್', 1981ರಲ್ಲಿ ಹಾರಿದ ನಮ್ಮ ಮೊದಲ ಪ್ರಾಯೋಗಿಕ ಭೂಸ್ಥಿರ ಸಂಪರ್ಕ ಉಪಗ್ರಹ. ಎರಡು ಚಿತ್ರಗಳ ನಡುವೆ ಹದಿನೈದು ವರ್ಷಗಳ ಅಂತರವಿದೆ. ಸೈಕಲ್ಲು ಬಂದ ಕಾರಣವೇ ಬೇರೆ, ಗಾಡಿ ಬಂದ ಕಾರಣವೇ ಬೇರೆ. ಆದರೆ ಅಕ್ಕಪಕ್ಕ ಅಂಟಿಸಿಬಿಟ್ಟರೆ ಎರಡೂ ಸೇರಿ ಒಂದೇ ಮಾತು ಹೇಳುತ್ತವೆ. ಆ ಮಾತು ಗಾಡಿಯ ಮಟ್ಟಿಗೆ ಸರಿಯಲ್ಲ.

ಗಂಟೆ ಬಾರಿಸುತ್ತಿದ್ದ ಹುಡುಗಿ

ತುಮಕೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗೆಳೆಯನೊಬ್ಬ ಮೇಷ್ಟ್ರು. ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಬಾ ಎಂದು ಕರೆದ, ಹೋದೆ. ವಿಷಯ 'ಭಾರತದ ಬಾಹ್ಯಾಕಾಶ ಸಾಧನೆ'. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈ ಎತ್ತಿ, ಎತ್ತಿನ ಗಾಡಿಯಿಂದ ಶುರುಮಾಡಿ ಚಂದ್ರನಲ್ಲಿ ಮುಗಿಸಿದರು. ಒಬ್ಬ ಹುಡುಗನಂತೂ ಗಾಡಿಯ ಬಾಡಿಗೆ 150 ರೂಪಾಯಿ ಎಂಬುದನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿದ. ಆ ಮೊತ್ತ ಎಲ್ಲ ಕಡೆ ಓಡಾಡುತ್ತಿರುವ ಮಾತೇ. ಬಾಡಿಗೆ ಎಷ್ಟೆಂಬುದು ಊರಿಗೆಲ್ಲ ಗೊತ್ತು, ಗಾಡಿಯನ್ನು ಏಕೆ ಕರೆಸಿದರು ಎಂಬುದು ಯಾರಿಗೂ ಬೇಕಾಗಿರಲಿಲ್ಲ.

ಸ್ಪರ್ಧೆ ಮುಗಿದು ಚೌಚೌಬಾತ್ ತಟ್ಟೆ ಕೈಗೆ ಬಂದಾಗ ಒಂದು ಹುಡುಗಿ ಹತ್ತಿರ ಬಂದು ನಿಂತಳು. ಅವಳು ಸ್ಪರ್ಧಿಯಲ್ಲ, ಸಮಯ ಮುಗಿದಾಗ ಗಂಟೆ ಬಾರಿಸಲು ಕೂರಿಸಿದ್ದವಳು. ಎಲ್ಲ ಭಾಷಣಗಳನ್ನೂ ಪೂರ್ತಿ ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ ಇರಬೇಕು. "ಸರ್, ಅವರ ಹತ್ತಿರ ಲಾರಿ ಇರಲಿಲ್ಲವಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಪಕ್ಕದಲ್ಲಿದ್ದ ಹೆಡ್‌ಮಾಸ್ತರು, "ಆಗ ನಮ್ಮ ದೇಶ ಬಡವಾಗಿತ್ತು ಕಣಮ್ಮ, ಈಗಿನ ಹಾಗಲ್ಲ" ಎಂದರು. ಅವಳು ಒಪ್ಪಲಿಲ್ಲ. "ಪೀಣ್ಯದಲ್ಲಿ ಮಾಡಿದರು ಅಂತ ಎಲ್ಲರೂ ಹೇಳಿದರು ಸರ್. ನಮ್ಮಪ್ಪ ಪೀಣ್ಯಕ್ಕೇ ಲೋಡ್ ಹೊಡೆಯುವುದು. ಅಲ್ಲಿ ಲಾರಿ ಬಿಟ್ಟು ಬೇರೆ ಏನೂ ಇಲ್ಲವಂತೆ."

ಬಹುಮಾನವನ್ನು ಆಗಲೇ ಹಂಚಿ ಆಗಿತ್ತು, ಇಲ್ಲದಿದ್ದರೆ ಅವಳಿಗೇ ಕೊಟ್ಟುಬಿಡುತ್ತಿದ್ದೆ. ಅವಳ ತರ್ಕದಲ್ಲಿ ಬಿರುಕೇ ಇಲ್ಲ. 1981ರ ಬೆಂಗಳೂರನ್ನು ಒಮ್ಮೆ ನೆನಪಿಸಿಕೊಳ್ಳಿ. ಎಚ್‌ಎಎಲ್‌ನವರು ಕಟ್ಟಿದ ಮರುತ್ ಎಂಬ ಜೆಟ್ ಯುದ್ಧವಿಮಾನ ಇದೇ ಊರಿನ ಆಕಾಶದಲ್ಲಿ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಉಡುಪಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ರಷ್ಯಾದ ಕಪುಸ್ಟಿನ್ ಯಾರ್‌ನಿಂದ ಮೇಲೇರಿತ್ತು. ಜೆಟ್ ವಿಮಾನ ಮಾಡುವ, ಉಪಗ್ರಹವನ್ನು ರಷ್ಯಾದವರೆಗೆ ಜೋಪಾನವಾಗಿ ಮುಟ್ಟಿಸಬಲ್ಲ ಊರಿನಲ್ಲಿ ಒಂದು ಲಾರಿ ಸಿಗಲಿಲ್ಲವೇ? ಸಿಗುತ್ತಿತ್ತು. ತೊಂದರೆ ಇದ್ದದ್ದೇ ಲಾರಿಯಲ್ಲಿ.

ಇದ್ದೂ ಇಲ್ಲದಂತೆ

ಉಪಗ್ರಹ ಕಕ್ಷೆ ಸೇರುವ ಹಾದಿಯಲ್ಲಿ ಹೇಗೆ ಹೇಗೋ ತಿರುಗಬಹುದು. ಯಾವ ಮುಖ ಭೂಮಿಯ ಕಡೆ ಇದ್ದರೂ ನೆಲದಿಂದ ಕಳುಹಿಸಿದ ಆಜ್ಞೆ ಅದಕ್ಕೆ ಕೇಳಿಸಬೇಕು, ಅದು ಕೊಡುವ ವರದಿ ನೆಲಕ್ಕೆ ಮುಟ್ಟಬೇಕು. ಆ ಕೆಲಸಕ್ಕಿರುವ ಆಂಟೆನಾ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಕಿವಿಗೊಡಬೇಕು, ಯಾವ ದಿಕ್ಕಿಗೂ ಪೂರ್ತಿ ಕಿವುಡಾಗಬಾರದು. ಇದನ್ನು ನೆಲದ ಮೇಲೆಯೇ ಅಳೆದು ನೋಡಿಕೊಳ್ಳಬೇಕು, ಮೇಲೆ ಹೋದ ಮೇಲೆ ತಿದ್ದಲು ಬರುವುದಿಲ್ಲ. ಅಳೆಯಬೇಕಾದರೆ ಉಪಗ್ರಹವನ್ನು ಬಯಲಿಗೆ ತರಬೇಕು. ಅದನ್ನು ಹೊತ್ತು ನಿಂತ ವಸ್ತು ಲೋಹದ್ದಾಗಿದ್ದರೆ ರೇಡಿಯೋ ಅಲೆ ಅದಕ್ಕೆ ಬಡಿದು ವಾಪಸು ಚಿಮ್ಮುತ್ತದೆ. ನೇರ ಬಂದ ಅಲೆಯೂ ಚಿಮ್ಮಿ ಬಂದ ಅಲೆಯೂ ಬೆರೆತು ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಆಗ ನೀವು ಅಳೆಯುವುದು ಉಪಗ್ರಹದ ಆಂಟೆನಾವನ್ನಲ್ಲ, ಉಪಗ್ರಹ ಮತ್ತು ಲಾರಿ ಕೂಡಿ ಆದ ಯಾವುದೋ ವಿಚಿತ್ರ ಆಂಟೆನಾವನ್ನು. ಆಕಾಶಕ್ಕೆ ಹೋಗುವಾಗ ಲಾರಿ ಜೊತೆಗೆ ಹೋಗುವುದಿಲ್ಲ.

ಈ ಚಿತ್ರದ ಅಡಿಬರಹದಲ್ಲಿ ಸಾಮಾನ್ಯವಾಗಿ 'ಕಾಂತಪ್ರಭಾವವಿಲ್ಲದ ವಾತಾವರಣಕ್ಕಾಗಿ' ಎಂದಿರುತ್ತದೆ. ಕಾಂತಕ್ಕೆ ಅಂಟುವುದೋ ಇಲ್ಲವೋ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಅಲ್ಯೂಮಿನಿಯಂ ಕಾಂತಕ್ಕೆ ಅಂಟುವುದಿಲ್ಲ, ಆದರೂ ಅಲ್ಯೂಮಿನಿಯಂ ತಗಡಿನ ವ್ಯಾನು ಈ ಪರೀಕ್ಷೆಯನ್ನು ಅಷ್ಟೇ ಚೆನ್ನಾಗಿ ಕೆಡಿಸುತ್ತದೆ. ಬೇಕಾದದ್ದು ವಿದ್ಯುತ್ತನ್ನು ಹರಿಯಬಿಡದ, ಅಲೆಯನ್ನು ಹೆಚ್ಚು ತಡೆಯದ ಆಸರೆ. ಒಣಮರ ಅಂತಹದು. ಗಾಡಿಯಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಮೊಳೆ ಇರುತ್ತದೆ, ಕೀಲು ಇರುತ್ತದೆ. ಆದರೆ ಲಾರಿಯ ಉದ್ದನೆಯ ಚಾಸಿ, ಎಂಜಿನ್ನು, ತಗಡಿನ ಕ್ಯಾಬಿನ್ನುಗಳ ಎದುರು ಅದು ಲೆಕ್ಕಕ್ಕಿಲ್ಲ. ಉಪ್ಪುನೀರು ತುಂಬಿದ ಎತ್ತಿನ ಮೈಯೂ ರೇಡಿಯೋ ಅಲೆಗೆ ಅಡ್ಡಿಯೇ, ಆದರೆ ಎತ್ತುಗಳನ್ನು ನೊಗದಿಂದ ಬಿಚ್ಚಿ ಆಚೆ ಹೊಡೆದುಕೊಂಡು ಹೋಗಬಹುದು. ಲಾರಿಯ ಎಂಜಿನ್ನನ್ನು ಹಾಗೆ ಬಿಚ್ಚಿ ಮೇಯಲು ಬಿಡಲಾಗುವುದಿಲ್ಲ. ಇಂದು ಇಂತಹ ಅಳತೆಗೆಂದೇ ಕಟ್ಟಿದ ಕೋಣೆಗಳಿವೆ, ಗೋಡೆ, ಸೂರು, ನೆಲವೆಲ್ಲ ಅಲೆಯನ್ನು ಹೀರಿಕೊಳ್ಳುವ ಕಪ್ಪು ಫೋಮಿನ ಚೂಪುಗಳು. ಅಲ್ಲಿಯೂ ಪರೀಕ್ಷೆಗೆ ಬಂದ ವಸ್ತುವನ್ನು ಕೂರಿಸುವುದಕ್ಕೆ ಫೋಮು, ಮರ, ಪ್ಲಾಸ್ಟಿಕ್ಕುಗಳನ್ನೇ ಹುಡುಕುತ್ತಾರೆ. ಆಸರೆಯ ಕೆಲಸ ಇದ್ದೂ ಇಲ್ಲದಂತಿರುವುದು. ಆ ಹೊತ್ತಿಗೆ ಬೆಂಗಳೂರಿನ ಸುತ್ತಮುತ್ತ ಹಾಗೆ ಇದ್ದೂ ಇಲ್ಲದಂತಿರಬಲ್ಲ, ಗಾಲಿಯೂ ಇದ್ದ ವಾಹನ ಎತ್ತಿನ ಗಾಡಿ.

ಇದನ್ನು ನಾನು ಮೊದಲು ಕಂಡದ್ದು ಯಾವ ಪ್ರಯೋಗಾಲಯದಲ್ಲಿಯೂ ಅಲ್ಲ, ಸಕಲೇಶಪುರದ ಕಡೆಯ ಅಜ್ಜಿಮನೆಯಲ್ಲಿ. ಸೋದರಮಾವನ ಟ್ರಾನ್ಸಿಸ್ಟರ್ ಯಾವಾಗಲೂ ನಡುಮನೆಯ ಮರದ ಕಿಟಕಿಯ ದಂಡೆಯ ಮೇಲಿರುತ್ತಿತ್ತು. ಚರ್ಮದ ಚೀಲ, ಅದರಲ್ಲಿ ದುಂಡು ದುಂಡು ತೂತು, ಭದ್ರಾವತಿ ಆಕಾಶವಾಣಿಯ ಜಾಗದಲ್ಲಿ ಉಗುರಿನಿಂದ ಎಳೆದ ಗೆರೆ. ಚಿಕ್ಕಮ್ಮನ ಮದುವೆಯ ಹೊತ್ತಿಗೆ ಮನೆಗೊಂದು ಉಕ್ಕಿನ ಬೀರು ಬಂತು. ಮಕ್ಕಳ ಕೈಗೆ ಸಿಗದಿರಲೆಂದು ಮಾವ ರೇಡಿಯೋವನ್ನು ಬೀರುವಿನ ನೆತ್ತಿಗೇರಿಸಿದರು. ಅಂದು ಸಂಜೆ ಪ್ರದೇಶ ಸಮಾಚಾರದ ಹೊತ್ತಿಗೆ ಬರೀ ಗೊರಗೊರ. ಸೆಲ್ ಹೋಗಿದೆ ಎಂದುಕೊಂಡು ಅವನ್ನು ಬಿಸಿಲಿನಲ್ಲಿ ಕಾಯಿಸಿದ್ದಾಯಿತು, ಹೊಸದು ತಂದದ್ದಾಯಿತು. ಕೊನೆಗೆ ಅಜ್ಜಿ, "ಎಲ್ಲಿತ್ತೋ ಅಲ್ಲೇ ಇಟ್ಟು ನೋಡಬಾರದೇನೋ" ಎಂದರು. ಕಿಟಕಿಗೆ ಬಂದದ್ದೇ ತಡ, ವಾರ್ತೆ ಓದುವವರು ನಮ್ಮ ಮನೆಯೊಳಗೇ ಕುಳಿತಷ್ಟು ಸ್ಪಷ್ಟ. ಆಮೇಲೆ ಅದು ನಮಗೊಂದು ಆಟವಾಯಿತು. ಮಾವ ರೇಡಿಯೋವನ್ನು ಕೈಯಲ್ಲಿ ಹಿಡಿದು ಮೆಲ್ಲಮೆಲ್ಲನೆ ಬೀರುವಿನ ಹತ್ತಿರ ತರುತ್ತಿದ್ದರು. ಮೊಳದಷ್ಟು ದೂರದವರೆಗೂ ಹಾಡು ಹಾಡಾಗಿಯೇ ಇರುತ್ತಿತ್ತು. ಗೇಣಿನೊಳಗೆ ಬಂದಾಗ ಕುಗ್ಗುತ್ತಿತ್ತು. ಬಾಗಿಲಿಗೆ ತಾಗಿಸಿದರೆ ಪಲ್ಲವಿ ಮುಳುಗಿಯೇ ಹೋಗುತ್ತಿತ್ತು. ಒಳಗೆ ಆಂಟೆನಾದ ಕೆಲಸ ಮಾಡುವ ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ತಂತಿ, ಉಕ್ಕಿನ ತಗಡು ಹತ್ತಿರವಾದಂತೆ ಅದರ ಶ್ರುತಿ ತಪ್ಪುವ ಬಗೆ, ಇದೆಲ್ಲ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆದರೆ ಮರ ರೇಡಿಯೋವಿನ ತಂಟೆಗೆ ಬರುವುದಿಲ್ಲ, ಉಕ್ಕು ಬರುತ್ತದೆ ಎಂಬುದನ್ನು ಅಜ್ಜಿಮನೆಯ ಹಸುಗೂಸೂ ಅರಿತಿತ್ತು.

ಹಣವಿದ್ದವರ ಮರ

ಗಾಡಿ ಎಂದರೆ ಬಡತನ ಎಂದು ಹಟ ಹಿಡಿಯುವವರಿಗೆ ನಾನು ಹೇಳುವುದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿ ಊರಿನ ಕಥೆ. ಅಲ್ಲಿನ ಕರ್ಟ್‌ಲ್ಯಾಂಡ್ ವಾಯುನೆಲೆಯಲ್ಲಿ 'ಟ್ರೆಸಲ್' ಎಂಬ ಮರದ ಅಟ್ಟವೊಂದಿದೆ. ಹನ್ನೆರಡು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅದರ ಮೇಲೆ ಬಿ-52 ಬಾಂಬರ್ ವಿಮಾನವನ್ನು, ಅಂದರೆ ತುಂಬಿದಾಗ 200 ಟನ್ನಿಗೂ ಮೀರುವ ಯಂತ್ರವನ್ನು, ತಳ್ಳಿಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಹಲಗೆಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿದ ದೈತ್ಯ ತೊಲೆಗಳು, ಅವನ್ನು ಬಿಗಿಯಲು ಮರದ್ದೇ ಬೋಲ್ಟುಗಳು. ಎಪ್ಪತ್ತರ ದಶಕದಲ್ಲಿ ಶುರುವಾದ ಕೆಲಸ ಮುಗಿದದ್ದು 1980ರ ಸುಮಾರಿಗೆ, ಆ್ಯಪಲ್ ಗಾಡಿ ಏರಿದ ಕಾಲಕ್ಕೇ ಎನ್ನಿ. ವೆಚ್ಚ ಕೋಟಿಗಟ್ಟಲೆ ಡಾಲರ್.

ಅಷ್ಟೊಂದು ಹಣ ಸುರಿದು ಮರದಲ್ಲಿಯೇ ಏಕೆ ಕಟ್ಟಿದರು? 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಣುಬಾಂಬೊಂದನ್ನು ಸಿಡಿಸಿತು. ಆ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. ಸಾವಿರದ ನಾನೂರು ಕಿ.ಮೀ.ಗೂ ದೂರದ ಹವಾಯಿಯಲ್ಲಿ ನೂರಾರು ಬೀದಿದೀಪಗಳು ಆರಿಹೋದವು. ಸ್ಫೋಟದಿಂದ ಹೊಮ್ಮುವ ವಿದ್ಯುತ್ಕಾಂತೀಯ ಹೊಡೆತ ಹಾರುತ್ತಿರುವ ವಿಮಾನದ ಒಳಗಿನ ಉಪಕರಣಗಳನ್ನು ಏನು ಮಾಡೀತು ಎಂಬ ಭಯ ಹುಟ್ಟಿತು. ಅದನ್ನು ನೆಲದ ಮೇಲೆ ಪರೀಕ್ಷಿಸಬೇಕಾದರೆ ವಿಮಾನ ತಾನು ಆಕಾಶದಲ್ಲಿದ್ದೇನೆ ಎಂದುಕೊಳ್ಳಬೇಕು, ಅಂದರೆ ಕೆಳಗೆ ನೆಲವೂ ಹತ್ತಿರವಿರಬಾರದು, ಲೋಹವೂ ಇರಬಾರದು. ಪೀಣ್ಯದವರ ತಲೆನೋವೂ ಇದೇ ಜಾತಿಯದು. ಅಲ್ಲಿ ವಿಮಾನ ಆಕಾಶದಲ್ಲಿರುವಂತೆ ನಟಿಸಬೇಕು, ಇಲ್ಲಿ ಉಪಗ್ರಹ ಬಾಹ್ಯಾಕಾಶದಲ್ಲಿರುವಂತೆ ನಟಿಸಬೇಕು. ಎರಡೂ ಕಡೆಯವರು ಮರದ ಮೊರೆಹೋದರು. ಒಬ್ಬರು ಕಾಡಿನಷ್ಟು ಮರ ತಂದು ಕಟ್ಟಿದರು, ಇನ್ನೊಬ್ಬರು ಬಾಡಿಗೆಗೆ ತಂದರು. ಬಡತನ ಕಾಣಬೇಕೆಂದರೆ ಈ ಅಂತರದಲ್ಲಿ ಕಾಣಿ, ಮರದಲ್ಲಿ ಕಾಣಬೇಡಿ. ಟ್ರೆಸಲ್‌ನ ಪರೀಕ್ಷೆಗಳು 1991ರಲ್ಲಿ ನಿಂತವು. ಅಟ್ಟ ಹಾಗೆಯೇ ನಿಂತಿದೆ.

ಇದಕ್ಕೂ ಹಿಂದಿನದು 'ಕಾರ್ನೆಗಿ' ಹಡಗಿನ ಕಥೆ. ಭೂಮಿಯ ಕಾಂತಕ್ಷೇತ್ರ ಎಲ್ಲೆಲ್ಲಿ ಎಷ್ಟಿದೆ ಎಂದು ಕಡಲಿನ ಮೇಲೆ ಅಳೆಯಲು ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ 1909ರಲ್ಲಿ ಕಟ್ಟಿಸಿದ ಹಾಯಿಹಡಗು ಅದು. ಉಕ್ಕಿನ ಹಡಗುಗಳ ಭರಾಟೆಯ ಕಾಲದಲ್ಲಿ ಇದು ಮರದ್ದು. ಲಂಗರು ಕಂಚಿನದು, ಮೊಳೆ ತಾಮ್ರ, ಕಂಚಿನವು, ಲಂಗರಿಗೆ ಸರಪಳಿಯ ಬದಲು ನಾರಿನ ಹಗ್ಗ. ಇಲ್ಲಿ ಮಾತ್ರ ಕಾಂತದ ಪ್ರಶ್ನೆ ನಿಜವಾದದ್ದು. ಉಕ್ಕಿನ ಹಡಗಿನಲ್ಲಿ ದಿಕ್ಸೂಚಿ ತೋರಿಸುವುದರಲ್ಲಿ ಭೂಮಿಯದೆಷ್ಟು, ಹಡಗಿನದೆಷ್ಟು ಎಂದು ಬಿಡಿಸುವುದು ಕಷ್ಟ. ಕಾರ್ನೆಗಿ ತಿರುಗಿದ ಕಡಲುಗಳಲ್ಲಿ ಅಂದಿನ ನಕ್ಷೆಗಳ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಇಪ್ಪತ್ತು ವರ್ಷ ಸುತ್ತಿದ ಹಡಗು 1929ರ ನವೆಂಬರಿನಲ್ಲಿ ಸಮೋವಾದ ಅಪಿಯಾ ಬಂದರಿನಲ್ಲಿ ಪೆಟ್ರೋಲು ತುಂಬಿಸಿಕೊಳ್ಳುವಾಗ ಸ್ಫೋಟಿಸಿ ಉರಿದುಹೋಯಿತು, ಕ್ಯಾಪ್ಟನ್ ಜೇಮ್ಸ್ ಪರ್ಸಿ ಆಲ್ಟ್ ಸತ್ತರು.

ಕುದುರೆ ಇರುವವರೆಗೆ ಚೆನ್ನಾಗಿತ್ತು

ನಮ್ಮ ಮುಂಬಯಿಯಲ್ಲಿಯೇ ಇದರ ಇನ್ನೊಂದು ರೂಪ ನಡೆದಿದೆ. ಕೊಲಾಬಾದಲ್ಲಿ ಹತ್ತೊಂಬತ್ತನೇ ಶತಮಾನದಿಂದ ಒಂದು ವೀಕ್ಷಣಾಲಯವಿತ್ತು. ಅಲ್ಲಿ ಭೂಮಿಯ ಕಾಂತಕ್ಷೇತ್ರದ ಏರಿಳಿತಗಳನ್ನು ಹಗಲು ರಾತ್ರಿ ಬರೆದಿಡುತ್ತಿದ್ದರು. 1859ರ ಸೆಪ್ಟೆಂಬರಿನಲ್ಲಿ ಸೂರ್ಯನಿಂದ ಎದ್ದ ಮಹಾಬಿರುಗಾಳಿ ಭೂಮಿಗೆ ಅಪ್ಪಳಿಸಿದಾಗ ಯುರೋಪು, ಅಮೆರಿಕಗಳಲ್ಲಿ ಟೆಲಿಗ್ರಾಫ್ ತಂತಿಗಳು ಕಿಡಿಕಾರಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಇಂದಿನ ವಿಜ್ಞಾನಿಗಳು ಲೆಕ್ಕ ಹಾಕುವಾಗ ತೆರೆದು ನೋಡುವುದು ಈ ಕೊಲಾಬಾದ ದಾಖಲೆಯನ್ನು. ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾದಷ್ಟು (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ ಇದು) ಕುಸಿದದ್ದು ಅದರಲ್ಲಿದೆ. ಉಪಗ್ರಹಗಳೂ ವಿದ್ಯುತ್ ಜಾಲಗಳೂ ತಾಳಿಕೊಳ್ಳಬೇಕಾದ ಹೊಡೆತದ ಮಾತು ಬಂದಾಗಲೆಲ್ಲ ಹೊರಗೆ ಬರುವ ಅಂಕಿ ಇದು.

ಮುಂಬಯಿಯ ರಸ್ತೆಗಳಲ್ಲಿ 1874ರಿಂದ ಟ್ರಾಮ್ ಓಡುತ್ತಿತ್ತು. ಎಳೆಯುತ್ತಿದ್ದದ್ದು ಕುದುರೆಗಳು, ವೀಕ್ಷಣಾಲಯಕ್ಕೆ ಅವುಗಳಿಂದ ಯಾವ ತಕರಾರೂ ಇರಲಿಲ್ಲ. ಟ್ರಾಮಿಗೆ ವಿದ್ಯುತ್ ಬರುತ್ತದೆ ಎಂಬ ಸುದ್ದಿ ಬಂದಾಗ ನಿದ್ದೆಗೆಟ್ಟಿತು. ವಿದ್ಯುತ್ ಟ್ರಾಮಿನ ಪ್ರವಾಹ ಹಳಿಯಲ್ಲಿಯೂ ನೆಲದಲ್ಲಿಯೂ ಹರಿದು ವಾಪಸಾಗುವಾಗ ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಸೂರ್ಯನ ಗುಟುರು ಕೇಳಬೇಕಾದ ಉಪಕರಣಕ್ಕೆ ಬೀದಿಯ ಟ್ರಾಮಿನ ಗಡಗಡವೇ ಕೇಳಿಸತೊಡಗುತ್ತದೆ. ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಾನಾಭಾಯ್ ಮೂಸ್ ಅವರು ಕಡಲಿನ ಆಚೆಗಿನ ಅಲಿಬಾಗ್‌ನಲ್ಲಿ ಜಾಗ ನೋಡಿ, ಕಾಂತಗುಣವಿಲ್ಲದ ಪೋರಬಂದರಿನ ಕಲ್ಲು ತರಿಸಿ, ಹೊಸ ಕಟ್ಟಡ ಕಟ್ಟಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳತೆ ನಡೆಯಿತು, ಹಳೆಯ ದಾಖಲೆಗೂ ಹೊಸದಕ್ಕೂ ನಡುವೆ ಬಿರುಕು ಬೀಳಬಾರದೆಂಬ ಎಚ್ಚರಿಕೆ. ವಿದ್ಯುತ್ ಟ್ರಾಮ್ ಓಡತೊಡಗಿದ್ದು 1907ರಲ್ಲಿ. ಟ್ರಾಮೂ ಹೋಯಿತು, ಅಳತೆ ಮಾತ್ರ ಅಲಿಬಾಗ್‌ನಲ್ಲಿ ಇಂದಿಗೂ ನಡೆಯುತ್ತಿದೆ. ಆ ಎರಡು ವರ್ಷಗಳ ಜೋಡಿ ಲೆಕ್ಕದ ಬಗ್ಗೆ ನನಗೆ ಚಂದ್ರಯಾನದಷ್ಟೇ ಅಭಿಮಾನ. ಆದರೆ ಅದಕ್ಕೆ ಹೇಳಿಕೊಳ್ಳುವಂತಹ ಫೋಟೋ ಇಲ್ಲವಲ್ಲ, ಯಾರೂ ಕಳುಹಿಸುವುದಿಲ್ಲ.

ಈಗಿನ ಕಾಲದಲ್ಲಿಯೂ ಇಂತಹ ಹಟದ ಜಾಗಗಳಿವೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕದ ಹತ್ತಿರಕ್ಕೆ ಪೆಟ್ರೋಲ್ ಕಾರನ್ನು ಬಿಡುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟಾಣಿ ರೇಡಿಯೋ ಕೇಂದ್ರ. ಡೀಸೆಲ್ ಎಂಜಿನ್ನಿನಲ್ಲಿ ಆ ಕಿಡಿ ಇಲ್ಲ, ಹಾಗಾಗಿ ಹಳೆಯ ಡೀಸೆಲ್ ಗಾಡಿಗಳಿಗೆ ಅಲ್ಲಿ ರಾಜಮರ್ಯಾದೆ. ಅಲ್ಲಿ ಯಾರಾದರೂ ಎತ್ತಿನ ಗಾಡಿ ಹೂಡಿಕೊಂಡು ಬಂದರೆ ತಕರಾರು ಮಾಡಲಾರರು ಎಂದು ನನ್ನ ಊಹೆ.

ಪೆನ್ಸಿಲ್ಲಿನ ಕಥೆಯೂ ಇದೇ

ಕಾರಣ ಉದುರಿಹೋಗಿ ನೀತಿ ಮಾತ್ರ ಉಳಿದ ಇನ್ನೊಂದು ಕಥೆ ನಿಮಗೆಲ್ಲ ಗೊತ್ತು. ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗಾಗಿ ನಾಸಾ ಕೋಟಿಗಟ್ಟಲೆ ಸುರಿಯಿತಂತೆ, ರಷ್ಯನ್ನರು ಪೆನ್ಸಿಲ್ ತೆಗೆದುಕೊಂಡು ಹೋದರಂತೆ. ಇದು ಗಾಡಿಯ ಚಿತ್ರದ ಹಾಗೆ ಅರ್ಧಸತ್ಯವೂ ಅಲ್ಲ. ಆ ಪೆನ್ನನ್ನು ಮಾಡಿದ್ದು ಪಾಲ್ ಫಿಶರ್ ಎಂಬ ಪೆನ್ ತಯಾರಕ, ತನ್ನ ಕಂಪನಿಯ ಹಣದಲ್ಲಿ. ನಾಸಾ ಅವನಿಂದ ಸುಮಾರು 400 ಪೆನ್ನುಗಳನ್ನು ಅಂಗಡಿಯ ಬೆಲೆಗಿಂತ ಕಡಿಮೆಗೆ ಕೊಂಡಿತು, 1969ರಲ್ಲಿ ಸೋವಿಯತ್ತಿನವರೂ 100 ಕೊಂಡರು. ಅದಕ್ಕೂ ಮೊದಲು ಎರಡೂ ದೇಶದವರು ಪೆನ್ಸಿಲ್ಲನ್ನೇ ಬಳಸುತ್ತಿದ್ದರು. ಬಿಟ್ಟದ್ದೇಕೆ? ಮುರಿದ ಪೆನ್ಸಿಲ್ ಮೊನೆ ತೂಕವಿಲ್ಲದ ಜಾಗದಲ್ಲಿ ಕೆಳಗೆ ಬೀಳದೆ ತೇಲುತ್ತದೆ, ಕಣ್ಣಿಗೆ ಹೊಗಬಹುದು. ಅದರ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ, ಉಪಕರಣದೊಳಗೆ ಸಿಕ್ಕಿಕೊಂಡರೆ ಶಾರ್ಟ್ ಸರ್ಕ್ಯೂಟ್. ಮರಕ್ಕೆ ಬೆಂಕಿ ಹತ್ತುತ್ತದೆ. 1967ರ ಜನವರಿಯಲ್ಲಿ ಅಪೊಲೊ-1ರ ಮೂವರು ಯಾತ್ರಿಗಳು ಉಡಾವಣಾ ವೇದಿಕೆಯ ಮೇಲೆಯೇ, ಶುದ್ಧ ಆಮ್ಲಜನಕ ತುಂಬಿದ ಕೋಶದಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಮೇಲೆ ಇಂತಹ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

2014ರಲ್ಲಿ ಮಂಗಳಯಾನ ಗುರಿ ಮುಟ್ಟಿದ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ಶ್ರೀಮಂತರ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲನ್ನು ಮುಂಡಾಸಿನ ರೈತನೊಬ್ಬ ಹಸು ಹಿಡಿದುಕೊಂಡು ತಟ್ಟುತ್ತಿದ್ದಾನೆ. ನಾವೆಲ್ಲ ಕೆರಳಿದೆವು, ಪತ್ರಿಕೆ ಕ್ಷಮೆ ಕೇಳಿತು. ಕೆರಳಿದ್ದು ಸರಿಯೇ. ಆದರೆ ಅದೇ ವಾರ ನಮ್ಮ ಗುಂಪಿನಲ್ಲಿ ಗಾಡಿಯ ಚಿತ್ರವೂ ಓಡಾಡಿತು, ಹೆಮ್ಮೆಯ ಒಕ್ಕಣೆಯೊಂದಿಗೆ. ಅವರು ಹಸುವನ್ನು ತೋರಿಸಿ ನಕ್ಕರು, ನಾವು ಎತ್ತನ್ನು ತೋರಿಸಿ ಕಣ್ಣೊರೆಸಿಕೊಂಡೆವು. ಆ ದನ ಅಲ್ಲಿ ಏನು ಮಾಡುತ್ತಿದೆ ಎಂದು ಎರಡು ಕಡೆಯವರೂ ಕೇಳಲಿಲ್ಲ.

ಹಾಗೆಂದು ಬಡತನವೇ ಇರಲಿಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಆರ್ಯಭಟ ತಯಾರಾದದ್ದು ಕಲ್ನಾರು ಸೂರಿನ ಕಾರ್ಖಾನೆ ಶೆಡ್ಡುಗಳಲ್ಲಿ. ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಅದರ ದತ್ತಾಂಶ ಪಡೆಯುವ ಕೋಣೆ ಮಾಡಿಕೊಂಡರು ಎನ್ನುತ್ತಾರೆ, ಅದಕ್ಕೆ ಭೌತವಿಜ್ಞಾನದ ಕಾರಣ ಹುಡುಕುವ ಅಗತ್ಯವಿಲ್ಲ. ತುಂಬಾದ ಸೈಕಲ್ಲಿಗೂ ಅಷ್ಟೇ: ಹಗುರವಾದ ವಸ್ತು, ಹತ್ತಿರದ ದಾರಿ, ಕೈಗೆ ಸಿಕ್ಕ ವಾಹನ. ತುಂಬಾದಲ್ಲಿ ಕಾಂತದ ಕಾರಣ ಇದ್ದದ್ದು ಸೈಕಲ್ಲಿಗಲ್ಲ, ಊರಿಗೆ. ಭೂಮಿಯ ಕಾಂತೀಯ ಸಮಭಾಜಕ ಅಲ್ಲಿ ಹಾದುಹೋಗುತ್ತದೆ ಎಂದೇ ಆ ಮೀನುಗಾರರ ಹಳ್ಳಿಯನ್ನು, ಅದರ ಮೇರಿ ಮ್ಯಾಗ್ಡಲೀನ್ ಚರ್ಚಿನ ಸಮೇತ, ಕೇಳಿ ಪಡೆದರು. ಒಂದೊಂದು ಚಿತ್ರಕ್ಕೂ ಅದರದೇ ಕಾರಣವಿದೆ. ಎಲ್ಲಕ್ಕೂ ಒಂದೇ ಕಣ್ಣೀರು ಹಾಕುವುದು ಸೋಮಾರಿತನ.

ಬಿಚ್ಚಿಕೊಳ್ಳದ ರೆಕ್ಕೆ

ಗಾಡಿಯಿಂದ ಇಳಿದ ಮೇಲೆ ಆ್ಯಪಲ್‌ಗೆ ಏನಾಯಿತು ಎಂದು ನನ್ನ ಗುಂಪಿನಲ್ಲಿ ಯಾರೂ ಕೇಳಿದ್ದಿಲ್ಲ. ಯುರೋಪಿನವರು ತಮ್ಮ ಹೊಸ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಪುಕ್ಕಟೆ ಜಾಗ ಕೊಟ್ಟಿದ್ದರು. ಪುಕ್ಕಟೆ ಎಂದರೆ ಅಪಾಯವೂ ನಮ್ಮದೇ. ಅದರ ಹಿಂದಿನ ಹಾರಾಟ, 1980ರ ಮೇ ತಿಂಗಳಿನದು, ಸಮುದ್ರಕ್ಕೆ ಬಿದ್ದಿತ್ತು. 1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಮೂರನೇ ಪರೀಕ್ಷಾ ರಾಕೆಟ್ಟು ಮೆಟಿಯೋಸ್ಯಾಟ್-2 ಎಂಬ ಹವಾಮಾನ ಉಪಗ್ರಹದೊಂದಿಗೆ ನಮ್ಮ 670 ಕಿಲೋದ ಆ್ಯಪಲ್ಲನ್ನೂ ಸುರಕ್ಷಿತವಾಗಿ ಮೇಲೇರಿಸಿತು. ಭೂಸ್ಥಿರ ಕಕ್ಷೆಗೆ ತಳ್ಳಿದ ಮೋಟಾರು ನಮ್ಮದೇ, ಎಸ್‌ಎಲ್‌ವಿ-3 ರಾಕೆಟ್ಟಿನ ನಾಲ್ಕನೇ ಹಂತದಿಂದ ರೂಪಿಸಿದ್ದು.

ಆಮೇಲೆ ಶುರುವಾಯಿತು ಫಜೀತಿ. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಂಡಿತು, ಇನ್ನೊಂದು ಮೈಗೆ ಅಂಟಿಕೊಂಡೇ ಉಳಿಯಿತು. ವಿದ್ಯುತ್ತಿನ ಲೆಕ್ಕವೂ ಶಾಖದ ಲೆಕ್ಕವೂ ಒಟ್ಟಿಗೇ ತಲೆಕೆಳಗಾದವು. ಆ್ಯಪಲ್ ಯೋಜನೆಯ ನಿರ್ದೇಶಕ ಆರ್. ಎಂ. ವಾಸಗಂ ಅವರ ತಂಡ ನೆಲದಿಂದಲೇ ಆ ಒಂಟಿ ರೆಕ್ಕೆಯ ಉಪಗ್ರಹವನ್ನು ಸಂಭಾಳಿಸಿ ದುಡಿಸಿಕೊಂಡಿತು. ಟಿವಿ ಕಾರ್ಯಕ್ರಮ, ರೇಡಿಯೋ ಜಾಲ, ದೂರದ ಕಂಪ್ಯೂಟರುಗಳ ನಡುವಿನ ಸಂಪರ್ಕ, ಹೀಗೆ ನಾನಾ ಪ್ರಯೋಗಗಳು ಅದರ ಮೂಲಕ ನಡೆದವು. ಕೆಟ್ಟ ಉಪಗ್ರಹವನ್ನು ಬದುಕಿಸುವುದು ಎಂದರೆ ನೆಲದಿಂದ ಒಂದರ ಹಿಂದೊಂದು ಆಜ್ಞೆ ಕಳುಹಿಸುವುದು, ಒಂದೊಂದನ್ನೂ ಅದು ಕೇಳಿಸಿಕೊಳ್ಳಬೇಕು. ಬಯಲಿನಲ್ಲಿ ಗಾಡಿಯ ಮೇಲಿಟ್ಟು ಆಂಟೆನಾ ಪರೀಕ್ಷಿಸಿದ ಶ್ರಮ ಇಂತಹ ದಿನಕ್ಕಾಗಿಯೇ. 1983ರ ಸೆಪ್ಟೆಂಬರ್ 19ರವರೆಗೆ, 27 ತಿಂಗಳು, ಆ್ಯಪಲ್ ಕೆಲಸ ಮಾಡಿತು.

ಇದರ ನಡುವೆಯೇ ನಮ್ಮ ಇನ್ನೊಂದು ಉಪಗ್ರಹ ಹಾರಿತ್ತು. ಇನ್ಸಾಟ್-1ಎ, ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಗೆ ಹಣ ಕೊಟ್ಟು ಮಾಡಿಸಿದ್ದು, 1982ರ ಏಪ್ರಿಲ್ 10ರಂದು ಅಲ್ಲಿಂದಲೇ ಹಾರಿದ್ದು. ಅದರಲ್ಲಿಯೂ ಒಂದು ಭಾಗ ಬಿಚ್ಚಿಕೊಳ್ಳಲಿಲ್ಲ. ಆ ಉಪಗ್ರಹಕ್ಕೆ ಸೌರಫಲಕ ಒಂದೇ ಬದಿಗಿತ್ತು, ಇನ್ನೊಂದು ಬದಿಗೆ ತೂಕ ಸರಿದೂಗಿಸುವ ಹಾಯಿಯೊಂದು ಚಾಚಿಕೊಳ್ಳಬೇಕಿತ್ತು, ಚಾಚಲಿಲ್ಲ. ಸೆಪ್ಟೆಂಬರ್ 6ರ ಹೊತ್ತಿಗೆ ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಮುಗಿದು ಅದು ಕೈಬಿಟ್ಟಿತು. ಐದು ತಿಂಗಳೂ ತುಂಬಿರಲಿಲ್ಲ. ಪೀಣ್ಯದ ಒಂಟಿ ರೆಕ್ಕೆ ಅದಾದ ಮೇಲೂ ಒಂದು ವರ್ಷ ದುಡಿಯಿತು. ಇಲ್ಲಿ 'ತೂಕ' ಎಂದೆನಲ್ಲ, ಅದು ಕಿಲೋ ಲೆಕ್ಕದ ತೂಕವಲ್ಲ, ಸೂರ್ಯನ ಬೆಳಕು ಫಲಕದ ಮೇಲೆ ಬಿದ್ದಾಗ ಒತ್ತುವ ಒತ್ತಡ. ಬೆಳಕು ಒಂದು ಉಪಗ್ರಹವನ್ನು ಓರೆ ಮಾಡುವಷ್ಟು ಹೇಗೆ ಒತ್ತುತ್ತದೆ ಎಂಬುದಕ್ಕೆ ಬೇರೆಯೇ ಬರಹ ಬೇಕು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.